ತೆರೆಯ ಆ ಮಗ್ಗುಲು

ಮಾನ್ಯ ಅಧ್ಯಕ್ಷರೂ ನಿವೃತ್ತ ಅಮಲ್ದಾರರೂ ಆದ ಚಿಕ್ಕಬಸಪ್ಪನವರೇ, ಹುಣಸೂರು ರಸಿಕ ಸಂಘದ ಕಾರ್ಯದರ್ಶಿಗಳೂ, ಹದಿನೈದು ವರ್ಷದ ಹಿಂದೆ ಇದೇ ಊರಿನ ಮಿಡ್ಲ್ ಸ್ಕೂಲಿನಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನ ಕಾಯಂ ಹಕ್ಕುದಾರರೂ ಆಗಿದ್ದ ದೊಡ್ಡಬೀರಯ್ಯನವರೇ, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ಬಸ್ಸಿನ ಧೂಳನ್ನೇ ವಿಭೂತಿಯಾಗಿ ಧರಿಸಿ ಬಂದಿರುವ ಅತಿಥಿಗಳೇ, ನನ್ನ ಕಣ್ಣೆದುರಿಗಿರುವ ಸಭಿಕರೇ, ಎಡಗಡೆ ಕಟ್ಟಿರುವ ಆ ಪರದೆಯ ಆಚೆ ಕುಳಿತು ನನ್ನ ಕಣ್ಣಿಗೆ ಬೀಳದಿರುವ ತಾಯಂದಿರೇ,

ಮೊದಲು ಈ ಹಾರದ ವಿಚಾರ. ನಮ್ಮ ಸೀಮೆಯಲ್ಲಿ ಹಕಾರಕ್ಕೆ ಅಂಥ ಮರ್ಯಾದೆ ಇಲ್ಲವೆಂಬುದು ತಮಗೆಲ್ಲ ಗೊತ್ತು. ಹಾರ ತಂದ ಹಿರಿಯರು ನನ್ನ ಕಿವಿಯಲ್ಲಿ, "ಒಸಿ ತಲೆ ಬಗ್ಸಿ ಮೇಷ್ಟ್ರೇ, ಆರ ಆಕ್ತೀನಿ" ಎಂದರು. ಆರು ಹಾಕುತ್ತಾರೇನೋ ಎಂದು ಕೊರಳು ಗಟ್ಟಿಮಾಡಿಕೊಂಡೆ. ಒಂದಕ್ಕೇ ನಿಲ್ಲಿಸಿದರು. ಅವರ ಕೃಪೆ, ನನ್ನ ಕೊರಳಿನ ಪುಣ್ಯ.

ಇನ್ನು ನನಗೆ ಕೊಟ್ಟಿರುವ ವಿಷಯ: 'ಚಲಚ್ಚಿತ್ರ ವಿಮರ್ಶೆಗೆ ತತ್ತ್ವಶಾಸ್ತ್ರದ ತಳಹದಿ.' ಸಭಿಕರೇ, ತಳಹದಿ ಹಾಕುವುದು ಮೇಸ್ತ್ರಿಯ ಕೆಲಸ. ನಾನು ಮೇಷ್ಟ್ರು. ಒಂದಕ್ಷರದ ತಪ್ಪಿನಿಂದ ಮೈಸೂರಿನಿಂದ ನನ್ನನ್ನು ಕರೆಸಿಬಿಟ್ಟಿದ್ದೀರಿ. ಬಂದದ್ದಾಯಿತು, ಶಾಲೂ ಹೊದಿಸಿದ್ದಾಯಿತು. ಇನ್ನು ಹಿಂದಿರುಗಿಸುವ ಹಾಗಿಲ್ಲ, ನನ್ನನ್ನೂ, ಶಾಲನ್ನೂ.

ಕಾರ್ಯಕ್ರಮ ಪಟ್ಟಿಯ ಮೂರನೆಯ ಸಾಲಿನಲ್ಲಿ ಇನ್ನೊಂದು ಮಾತಿದೆ. 'ಸನ್ಮಾನಿತರಿಂದ ಅವರ ಸುಪ್ರಸಿದ್ಧ ಲೇಖನವಾದ "ತೆರೆಯ ಹಿಂದಿನ ವಿಮರ್ಶಕಿ"ಯ ವಾಚನ.' ಸಂಘದವರು ಅಚ್ಚು ಹಾಕಿಸಲಿರುವ ನನ್ನ ಪುಸ್ತಕಕ್ಕೂ ಅದೇ ಮೊದಲ ಲೇಖನವಂತೆ. ಓದುವುದೋ ಬಿಡುವುದೋ, ಆ ಮಾತಿಗೆ ಆಮೇಲೆ ಬರುತ್ತೇನೆ. ಆ ಮಾತಿಗೆ ಬರುವುದಕ್ಕೆ ನನಗೆ ಹದಿನಾಲ್ಕು ವರ್ಷ ಹಿಡಿದಿದೆ. ತಾವು ಅರ್ಧ ಗಂಟೆ ತಾಳಿಕೊಳ್ಳಬೇಕು.

ಮೊದಲು ತತ್ತ್ವ. ಚಿತ್ರ ಎಲ್ಲಿದೆ, ಸಭಿಕರೇ? ಯಂತ್ರದಲ್ಲಿದೆಯೇ? ಯಂತ್ರ ಬಿಚ್ಚಿದರೆ ಸಿಕ್ಕುವುದು ಸುರುಳಿ. ಸುರುಳಿಯಲ್ಲಿದೆಯೇ? ಬೆಳಕಿಗೆ ಹಿಡಿದು ನೋಡಿ, ಅಲ್ಲಾಡದ ಸಾವಿರ ಬೊಂಬೆ. ಬಟ್ಟೆಯ ಮೇಲಿದೆಯೇ? ಆಟ ಮುಗಿದು ದೀಪ ಹತ್ತಿಸಿದರೆ ಅಲ್ಲಿರುವುದು ಬಟ್ಟೆ ಮಾತ್ರ. ಹಾಗಾದರೆ ನೋಡುವವನ ಕಣ್ಣಿನಲ್ಲಿದೆ ಎನ್ನೋಣವೇ? ಎನ್ನಬಹುದು. ಆದರೆ ಪಕ್ಕದಲ್ಲಿ ಕುಳಿತವರ ಕಣ್ಣಿನಲ್ಲಿರುವುದು ಯಾವ ಚಿತ್ರ? ಅದೇ ಚಿತ್ರವೋ, ಬೇರೆಯೋ? ಮಹಾರಾಜಾ ಕಾಲೇಜಿನಲ್ಲಿ ನಾನು ತತ್ತ್ವಶಾಸ್ತ್ರ ಓದುವಾಗ ಈ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳಿದ್ದರೆ ಎರಡು ಪುಟ ಬರೆದು ಪಾಸಾಗುತ್ತಿದ್ದೆ. ಕೇಳಿದ್ದು ಮನೆಯಲ್ಲಿ. ಅಲ್ಲಿ ಫೇಲಾದೆ.

ನಮ್ಮ ಅಲಂಕಾರಶಾಸ್ತ್ರದವರು ಒಂದು ಚಿತ್ರದ ಕುದುರೆಯ ಕಥೆ ಹೇಳುತ್ತಾರೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡವನು ಇದು ಕುದುರೆಯೇ ಹೌದೆಂದು ಹುಲ್ಲು ಹಾಕುವುದಿಲ್ಲ. ಕುದುರೆ ಅಲ್ಲವೆಂದು ಸುಮ್ಮನೆ ಹೋಗುವುದೂ ಇಲ್ಲ. ಹೌದು ಅಲ್ಲಗಳ ನಡುವೆ ನಿಂತು ಸಂತೋಷಪಡುತ್ತಾನೆ. ಅದೇ ಕಲೆಯ ಸುಖ. ಬಹಳ ಸೊಗಸಾದ ವಾದ. ಆದರೆ ಆ ಶಾಸ್ತ್ರಕಾರರು ಗೋಡೆಯ ಮೇಲೆ ನೋಡಿದರು. ಗೋಡೆಗೆ ಒಂದೇ ಮುಖ. ನಾನು ಕುದುರೆ ನೋಡಿದ್ದು ಈ ಊರಿನ ಸಂತೆಮಾಳದಲ್ಲಿ, ಮಂಟಯ್ಯನವರ ಬಯಾಸ್ಕೋಪಿನ ಡೇರೆಯಲ್ಲಿ. ಅಲ್ಲಿ ಕುದುರೆಗೆ ಎರಡು ಮಗ್ಗುಲು.

ಇಂದಿನ ಯುವಕರಿಗೆ ಇದು ತಿಳಿಯದಿರಬಹುದು. ಆಗ ಚಿತ್ರಕ್ಕೆ ಮಾತು ಬಂದಿರಲಿಲ್ಲ; ಮಂಟಯ್ಯನವರೇ ಯಂತ್ರದ ಬದಿಯಲ್ಲಿ ಕೋಲು ಹಿಡಿದು ನಿಂತು ಕಥೆಯನ್ನು ಕೂಗಿ ಹೇಳುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಮಂಟಯ್ಯನವರು ಎರಡು ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದು ಡೇರೆ ಹಾಕುತ್ತಿದ್ದರು. ತೆರೆಯನ್ನು ಡೇರೆಯ ಕೊನೆಗೆ ಕಟ್ಟುತ್ತಿರಲಿಲ್ಲ, ನಟ್ಟನಡುವೆ ಕಟ್ಟುತ್ತಿದ್ದರು. ಆಟಕ್ಕೆ ಮುಂಚೆ ಇಬ್ಬರು ಆಳುಗಳು ಏಣಿ ಹತ್ತಿ ಅದಕ್ಕೆ ನೀರೆರಚಿ ಒದ್ದೆ ಮಾಡುತ್ತಿದ್ದರು. ಒದ್ದೆ ಬಟ್ಟೆಯಾದರೆ ಬೆಳಕು ಆ ಬದಿಗೂ ಹಾಯುತ್ತದೆ. ಯಂತ್ರವಿದ್ದ ಈ ಬದಿಯಲ್ಲಿ ಗಂಡಸರು, ಆ ಬದಿಯಲ್ಲಿ ಹೆಂಗಸರು. ಮಂಟಯ್ಯನವರು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಒಂದ್ ಬಟ್ಟೆ, ಎರಡ್ ಮಗ್ಲು ಕಣ್ರೀ ಮೇಷ್ಟ್ರೇ. ಗಂಡಸ್ರೂ ಎಂಗಸ್ರೂ ಒಟ್ಗೆ ಕೂತ್ರೆ ಊರ್ನೋರು ಒಪ್ಪಾಕಿಲ್ಲ. ಆ ಕಡೆಯೋರ್ಗೆ ಎಲ್ಲಾ ಒಸಿ ಉಲ್ಟಾ ಕಾಣ್ತದೆ, ಅಷ್ಟೇಯ. ಅಳಾಕೆ ನಗಾಕೆ ಉಲ್ಟಾ ಏನ್ ಬಂತು, ಬುಡಿ!" ಇದೇ ಮಾತನ್ನು ಜರ್ಮನಿಯ ಪಂಡಿತರೊಬ್ಬರು ಹೇಳಿದ್ದರೆ ಮುನ್ನೂರು ಪುಟದ ಗ್ರಂಥವಾಗಿ ನಮ್ಮ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಯಾರೂ ಮುಟ್ಟದೆ ಇರುತ್ತಿತ್ತು.

ಹೀಗಾಗಿ, ಈ ಬದಿಯವರಿಗೆ ಲಕ್ಷ್ಮಣತೀರ್ಥ ಹೊಳೆಯ ಕಡೆ ಓಡಿದ ಕುದುರೆ ಆ ಬದಿಯವರಿಗೂ ಲಕ್ಷ್ಮಣತೀರ್ಥದ ಕಡೆಯೇ ಓಡುತ್ತಿತ್ತು; ಆದರೆ ನಮಗದು ಬಲಕ್ಕೆ, ಅವರಿಗದು ಎಡಕ್ಕೆ. ರಾಜ ನಮಗೆ ಬಲಗೈಯಲ್ಲಿ ಕತ್ತಿ ಹಿಡಿದರೆ ಅವರಿಗೆ ಎಡಗೈಯಲ್ಲಿ ಹಿಡಿಯುತ್ತಿದ್ದ. ನಡುನಡುವೆ ಬರುತ್ತಿದ್ದ ಅಕ್ಷರಗಳು ನಮಗೆ ಕನ್ನಡ, ಅವರಿಗೆ ಕನ್ನಡಿ.

ಆ ಬದಿಯಲ್ಲಿ ಕೂರುತ್ತಿದ್ದವರಲ್ಲಿ ಶಿವನಂಜಮ್ಮ ಎಂಬವರೊಬ್ಬರು. ವೀರನಹೊಸಹಳ್ಳಿಯ ರೈತರ ಮನೆಯ ಮಗಳು. ಅವರ ಪರಿಚಯವನ್ನು ನಾನು ಇನ್ನಷ್ಟು ದೀರ್ಘವಾಗಿ ಹೇಳಬಹುದು, ಏಕೆಂದರೆ ಅವರು ನನ್ನ ಹೆಂಡತಿ.

ಆಟ ಮುಗಿದ ಮೇಲೆ ಡೇರೆಯ ಬಾಗಿಲಲ್ಲಿ ಇಬ್ಬರೂ ಕೂಡಿಕೊಂಡು ಮನೆಗೆ ನಡೆಯುತ್ತಿದ್ದೆವು. ಹೊಸದಾಗಿ ಮದುವೆಯಾದವರು ಹೊರಗೆ ಒಟ್ಟಿಗೆ ಮಾತಾಡಬಹುದಾಗಿದ್ದುದು ಆ ಅರ್ಧ ಮೈಲಿ ಮಾತ್ರ. ಅದನ್ನು ನಾವು ಪೂರ್ತಿ ಜಗಳಕ್ಕೆ ಉಪಯೋಗಿಸುತ್ತಿದ್ದೆವು.

"ರಾಜ ಎಡಕ್ಕೆ ತಿರುಗಿ ಕಾಡಿಗೆ ಹೋದ."

"ಬಲಕ್ ತಿರುಗ್ದ ಕಣ್ರೀ. ನಾನೇನ್ ಕುರುಡಿಯಾ?"

"ನೀನು ಹಿಂದೆ ಕೂತಿದ್ದೆಯಲ್ಲ, ಅದಕ್ಕೆ."

"ಇಂದೆ ಯಾರು? ನಮ್ ಕಡೆಯಿಂದ ನೋಡುದ್ರೆ ನೀವೇ ಇಂದೆ."

ತತ್ತ್ವಶಾಸ್ತ್ರದ ಪದವೀಧರನಾದ ನಾನು ಇದಕ್ಕೆ ಉತ್ತರ ಹುಡುಕುವುದರೊಳಗೆ ಮನೆ ಬಂದಿರುತ್ತಿತ್ತು. ಒಂದು ದಿನ, "ಆ ಬರಾವಣ್ಗೇಲಿ ಏನೈತೆ ಅಂತ ಗೊತ್ತಾಗಾಕಿಲ್ಲ, ನಂಗೂ ಅಕ್ಷರ ಕಲ್ಸಿ" ಎಂದಳು. ಕಲಿಸಿದೆ. ಸ್ಲೇಟಿನ ಮೇಲೆ ಒಮ್ಮೆ ನೇರವಾಗಿ, ಒಮ್ಮೆ ತಿರುಗಿಸಿ. ಕನ್ನಡವನ್ನು ಎರಡೂ ಬದಿಯಿಂದ ಓದಬಲ್ಲವರು ಈ ಸಂಸ್ಥಾನದಲ್ಲಿ ನನಗೆ ತಿಳಿದಂತೆ ಅವಳೊಬ್ಬಳೇ.

ಇಲ್ಲಿ ನಾನು ತಮಗೆ ಒಂದು ವಿಷಯ ಹೇಳಬೇಕು. ವಿಷಯಾಂತರ ಎಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅಂತರವೇ ನನ್ನ ವಿಷಯ, ಸ್ವಾಮಿ, ಕ್ಷಮಿಸಬೇಕು. ನಾನು ಹುಟ್ಟಿದ್ದು ಎಡತೊರೆಯಲ್ಲಿ, ಅಂದರೆ ಇಂದಿನ ಕೃಷ್ಣರಾಜನಗರ ಹುಟ್ಟುವುದಕ್ಕೆ ಮುಂಚಿನ ಹಳೆಯ ಊರಿನಲ್ಲಿ. ಊರಿನ ಹೆಸರೇ ಎಡದಿಂದ ಶುರು. ನಾನೂ ಎಡದಿಂದಲೇ ಶುರುವಾದೆ. ನಾನು ಎಡಚ, ಸಭಿಕರೇ. ಯಾರೂ ಗಾಬರಿಯಾಗಬೇಡಿ. ದೊಡ್ಡಬೀರಯ್ಯನವರು ಆಗಲೇ ಗಾಬರಿಯಾಗಿದ್ದಾರೆ. ಆರು ವರ್ಷ ಬಲಗೈಯಿಂದ ಕಿವಿ ಹಿಂಡಿಸಿಕೊಂಡವರು.

ಎಡತೊರೆಯ ಕೂಲಿಮಠದಲ್ಲಿ ಐಗಳು ನನ್ನ ಎಡಗೈಯನ್ನು ವಲ್ಲಿಯಿಂದ ಸೊಂಟಕ್ಕೆ ಬಿಗಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಕೈ ಬಿಚ್ಚಿಕೊಂಡರೆ ಹುಣಸೆ ಬರಲು. ಹುಣಸೂರಿಗೆ ಬರುವುದಕ್ಕೆ ಹದಿನೈದು ವರ್ಷ ಮುಂಚೆಯೇ ನನಗೆ ಹುಣಸೆಯ ಪರಿಚಯವಾಯಿತು. ಮನೆಯಲ್ಲಿ ಅಜ್ಜಿ ಪುಟ್ಟಮಲ್ಲಮ್ಮ ಬಡಿಸುವಾಗ ನಾನು ಮರೆತು ಎಡಗೈ ಚಾಚಿದರೆ ಸಾಲಿನಲ್ಲಿ ಕುಳಿತವರೆಲ್ಲ 'ಥೂ' ಎನ್ನುತ್ತಿದ್ದರು. ಒಂದೇ ಸಲಕ್ಕೆ, ಭಜನೆಯವರ ಹಾಗೆ, ಶ್ರುತಿಬದ್ಧವಾಗಿ. ಕಾಲೇಜು ಸೇರುವ ಹೊತ್ತಿಗೆ ನಾನು ಬೇಕಾದಷ್ಟು ಬಲವಂತನಾಗಿದ್ದೆ. ಬಲವಂತದಿಂದಲೇ ಬಲವಂತ. ಬರೆಯುವುದು, ಉಣ್ಣುವುದು, ಕೈ ಎತ್ತಿ ನಮಸ್ಕರಿಸುವುದು, ಎಲ್ಲ ಬಲಗೈ. ಯಾರೂ ಇಲ್ಲದಿದ್ದಾಗ ಮಾತ್ರ ಎಡಗೈ ತನ್ನ ಪಾಡಿಗೆ ತಾನು ಮುಂದೆ ಬರುತ್ತಿತ್ತು.

ಮದುವೆಯಾಗಿ ಮೂರು ತಿಂಗಳಾಗಿತ್ತು. ಅಡುಗೆ ಮನೆಯಲ್ಲಿ ಒಬ್ಬನೇ ಕೂತು ಎಡಗೈಯಲ್ಲಿ ಮುದ್ದೆ ಮುರಿದು ಉಣ್ಣುತ್ತಿದ್ದೆ. ಹಿತ್ತಿಲಿನಿಂದ ಇವಳು ಬಂದಳು. ಕೈಯನ್ನು ಬೆನ್ನ ಹಿಂದೆ ಅಡಗಿಸಿದೆ, ಮುದ್ದೆಯ ಸಮೇತ.

"ಯಾಕ್ರೀ ಕೈ ಬಚ್ಚಿಟ್ಕತೀರಿ? ಉಣ್ಣಿ."

"ಎಡಗೈ..."

"ಎಡಗೈಯೇ ಆಗ್ಲಿ. ಬೆಳಗ್ಗೆದ್ದು ಲಿಂಗ ಇಟ್ಕಳಾದು ಯಾವ್ ಕೈ ಮ್ಯಾಲೆ? ಎಡಗೈ ಮ್ಯಾಲೆ ತಾನೇ? ಶಿವ ಕೂತ್ಕಳೋ ಕೈಲಿ ಮುದ್ದೆ ಉಂಡ್ರೆ ಮೈಲ್ಗೆ ಆಗೋಯ್ತದಾ?"

ಸಭಿಕರೇ, ಎರಡು ವರ್ಷ ತರ್ಕಶಾಸ್ತ್ರ ಓದಿದವನು ನಾನು. ನನ್ನ ಪರವಾಗಿ ಯಾರಾದರೂ ಮಾಡಿದ ಮೊದಲ ವಾದ ಅದು. ಅಂದಿನಿಂದ ಮನೆಯೊಳಗೆ ಎಡಗೈಯಲ್ಲೇ ಉಂಡೆ. ಬಾಗಿಲು ದಾಟಿದರೆ ಬಲಗೈ. ನನಗೂ ಎರಡು ಮಗ್ಗುಲು ಆಯಿತು. ಎರಡನ್ನೂ ನೋಡಿದವಳು ಅವಳೊಬ್ಬಳು.

ಇನ್ನು ಆ ಚಿತ್ರ. ಸಾವಿರದ ಒಂಬೈನೂರ ಇಪ್ಪತ್ತೈದನೆಯ ಇಸವಿ, ಬೇಸಗೆ. ಬೊಂಬಾಯಿಯ ಕಡೆಯಿಂದ ಬಂದ ಒಂದು ರಾಜರಾಣಿಯರ ಕಥೆ. ಹೆಸರು ಯಾರಿಗೂ ನೆನಪಿಲ್ಲ, ನನಗೂ ಬೇಡ. ಅದರಲ್ಲಿ ಒಬ್ಬ ಮಂತ್ರಿ ದ್ರೋಹ ಬಗೆಯುತ್ತಾನೆ. ಅವನು ದ್ರೋಹಿ ಎಂದು ಜನಕ್ಕೆ ಮೊದಲೇ ತಿಳಿಯಲಿ ಎಂದು ಚಿತ್ರ ತೆಗೆದವರು ಒಂದು ಉಪಾಯ ಮಾಡಿದ್ದರು. ತುಂಬಿದ ಸಭೆಯಲ್ಲಿ ರಾಜ ವೀಳ್ಯ ಕೊಡುತ್ತಾನೆ. ಎಲ್ಲರೂ ಬಲಗೈಯಲ್ಲಿ ತೆಗೆದುಕೊಳ್ಳುತ್ತಾರೆ. ಮಂತ್ರಿ ಮಾತ್ರ ಎಡಗೈ ಚಾಚುತ್ತಾನೆ. ಅಷ್ಟೇ ಸಾಕಾಯಿತು. ಡೇರೆಯ ಈ ಬದಿಯಲ್ಲಿದ್ದ ಇನ್ನೂರು ಗಂಡಸರು ಒಟ್ಟಿಗೆ 'ಥೂ' ಎಂದರು.

ನಾನೂ ಅಂದೆ.

ವಿಮರ್ಶಕ ತಟಸ್ಥನಾಗಿರಬೇಕು ಎಂದು ಶಾಸ್ತ್ರ. ತಟಸ್ಥ ಎಂದರೆ ದಡದಲ್ಲಿ ನಿಂತವನು. ನಾನು ನಿಂತಿರಲಿಲ್ಲ, ತೆರೆ ಬಂದು ಕೊಚ್ಚಿಕೊಂಡು ಹೋಗಿತ್ತು. ತೆರೆ ಎಂದರೆ ಪರದೆಯೂ ಹೌದು, ಅಲೆಯೂ ಹೌದು ಎಂದು ನಿಘಂಟಿನಲ್ಲಿ ಬರೆದವರು ಮಂಟಯ್ಯನ ಡೇರೆಗೆ ಬಂದಿದ್ದರೋ ಏನೋ. ಇನ್ನೂರು ಜನದ ನಡುವೆ ಎದ್ದು ಎಡಗೈಯ ಮೇಲೆ ಉಗಿದವನ ಎಡಗೈ ಆಗ ಎಲ್ಲಿತ್ತು? ಕೋಟಿನ ಜೇಬಿನಲ್ಲಿ, ಮುಷ್ಟಿ ಕಟ್ಟಿಕೊಂಡು ಕೂತಿತ್ತು. ಕೊನೆಗೆ ಮಂತ್ರಿಯ ತಲೆ ತೆಗೆದರು. ಚಪ್ಪಾಳೆ. ಚಪ್ಪಾಳೆಗೆ ಎರಡೂ ಕೈ ಬೇಕಾದ್ದರಿಂದ ಅದನ್ನೂ ಹೊರಗೆ ತೆಗೆದೆ.

ಬಾಗಿಲಲ್ಲಿ ಸಿಕ್ಕಿದಾಗ ಇವಳ ಕಣ್ಣು ಕೆಂಪಾಗಿತ್ತು. ಯಾಕೆ ಎಂದೆ.

"ಪಾಪ, ಆ ಮಂತ್ರೀನ ಕೊಂದೇಬುಟ್ರಲ್ಲ."

"ಅವನು ದ್ರೋಹಿ ಕಣೇ! ಮಂಟಯ್ಯ ಅಷ್ಟು ಹೊತ್ತಿನಿಂದ ಕೋಲು ಹಿಡಿದು ಕೂಗಿ ಹೇಳಲಿಲ್ಲವಾ?"

"ಅವ ನಿಂತ್ಕಂಡು ಅರಚ್ಕಳಾದು ನಿಮ್ ಕಡೆ. ನಮ್ ಕಡೀಕೆ ಬರೀ ಗದ್ಲ ಕೇಳ್ತದೆ. ನಾ ಕಂಡಿದ್ದ ಯೋಳ್ತೀನಿ ಕೇಳಿ. ಆ ಊರಲ್ಲಿ ಎಲ್ರೂ ಎಡಗೈಯೋರು. ಅವನೊಬ್ನೇ ಬಲಗೈಯೋನು. ಅದ್ಕೇಯ ಎಲ್ರೂ ಸೇರ್ಕಂಡ್ ಅವನ ಮ್ಯಾಲೆ ಬಿದ್ರು. ನಂಗೆ ಅಳು ಬಂತು, ಯಾಕಂದ್ರೆ..."

ನಾನು ನಕ್ಕೆ. ಬೀದಿಯ ನಾಯಿಗಳು ಎದ್ದು ಬೊಗಳುವಷ್ಟು ನಕ್ಕೆ. ಖಳನಿಗಾಗಿ ಅತ್ತಳು, ಅವನು ಬಲಗೈಯವನೆಂದು ಅತ್ತಳು! ಇಂಥ ಎಡವಟ್ಟು ಯಾರಿಗೆ ಸಿಕ್ಕುತ್ತದೆ? ಅವಳನ್ನು ಹಿಂದೆ ಬಿಟ್ಟು ದಾಪುಗಾಲು ಹಾಕಿ ಮನೆಗೆ ಬಂದು ಕಾಗದ ತೆಗೆದೆ. ಅವಳು ಬಂದು ಚಪ್ಪಲಿ ಬಿಡುವ ಹೊತ್ತಿಗೆ ಮೊದಲ ಪುಟ ಮುಗಿದಿತ್ತು.

ಅದೇ 'ತೆರೆಯ ಹಿಂದಿನ ವಿಮರ್ಶಕಿ.' ಮೈಸೂರಿನ ವಾರಪತ್ರಿಕೆಯೊಂದರಲ್ಲಿ ಬಂತು. ಹೆಸರು ಹಾಕಲಿಲ್ಲ, 'ನನಗೆ ಪರಿಚಯವಿರುವ ಹಳ್ಳಿಯ ಗೃಹಿಣಿಯೊಬ್ಬಳು' ಎಂದು ಬರೆದೆ. ಎಂಥ ಪರಿಚಯ! ಜನ ನಕ್ಕರು. ಕ್ಲಬ್ಬುಗಳಲ್ಲಿ ಓದಿಸಿ ನಕ್ಕರು. ಸಂಪಾದಕರು 'ತೆರೆಯ ಮುಂದೆ' ಎಂಬ ಅಂಕಣವನ್ನೇ ಕೊಟ್ಟರು. ಮೂರು ವರ್ಷದಲ್ಲಿ ನಾನು ಮೈಸೂರಿನಲ್ಲಿ ಅಧ್ಯಾಪಕನಾದೆ. ಇವತ್ತು ತಾವು ಹೊದಿಸಿದ ಈ ಶಾಲಿನ ಮೊದಲ ಎಳೆ ಆ ಲೇಖನ. ಅದರಲ್ಲಿ ಎಲ್ಲವೂ ಇತ್ತು, ಸಭಿಕರೇ. ಶ್ಲೇಷೆ ಇತ್ತು, ಉಪಮೆ ಇತ್ತು, ಸಂಸ್ಕೃತದ ಎರಡು ಸಾಲು ಇತ್ತು. ಬರೆದವನು ಎಡಚ ಎಂಬುದೊಂದು ಇರಲಿಲ್ಲ.

ಪತ್ರಿಕೆ ಹುಣಸೂರಿಗೆ ಬಂದದ್ದು ಒಂದು ಭಾನುವಾರ. ಇವಳು ಅದನ್ನು ತೆಗೆದುಕೊಂಡು ನಡುಮನೆಯ ಕಂಬಕ್ಕೆ ಒರಗಿ ಕೂತಳು. ಬೆರಳಿಟ್ಟು ಓದತೊಡಗಿದಳು. ಅವಳು ಮೊದಲಿಂದ ಕೊನೆಯವರೆಗೆ ಓದುತ್ತಿದ್ದ ಮೊದಲ ಅಚ್ಚಿನ ಬರಹ ಅದು. ನಾನು ಜಗಲಿಯ ಮೇಲೆ ಕೂತು ಕೇಳುತ್ತಿದ್ದೆ, ಹೆಮ್ಮೆಯಿಂದ. ಶಿಷ್ಯೆ ಓದುತ್ತಿದ್ದಾಳೆ, ಅದೂ ಗುರುವಿನ ಬರಹ! ಸ್ವಲ್ಪ ಹೊತ್ತಿಗೆ ಹೆಮ್ಮೆ ಇಳಿಯಿತು. ತಾವು ಎಂದಾದರೂ ಒಂದು ಹಾಸ್ಯವನ್ನು ಅಕ್ಷರ ಅಕ್ಷರ ಕೂಡಿಸಿ ಓದುವುದನ್ನು ಕೇಳಿದ್ದೀರಾ? 'ವಿ... ಮ... ರ್... ವಿಮರ್ಶಕಿ... ಯ... ಕಣ್... ಣೀ... ರು...' ನಗುವ ಜಾಗ ಬರುತ್ತದೆ, ನಗು ಬರುವುದಿಲ್ಲ. ಮುಂದಿನ ಅಕ್ಷರ ಬರುತ್ತದೆ. ನನ್ನ ಒಂದೊಂದು ಶ್ಲೇಷೆಯೂ ಬಟ್ಟೆ ಬಿಚ್ಚಿಸಿಕೊಂಡು ಬಿಸಿಲಿನಲ್ಲಿ ನಿಂತಿತು. ಮಧ್ಯಾಹ್ನವೆಲ್ಲ ಹಿಡಿಯಿತು. ಕೊನೆಯಲ್ಲಿದ್ದ ನನ್ನ ಹೆಸರನ್ನೂ ಓದಿದಳು: ಚ-ನ್ನ-ಬ-ಸ-ವ-ಣ್ಣ.

ಆಮೇಲೆ ಜಗಲಿಗೆ ಬಂದಳು.

"ಇದು ನಾನಾ?"

"ತಮಾಷೆ ಕಣೇ. ವಿಮರ್ಶೆ."

"ನಾ ಯೋಳಿದ್ದು ಅರ್ಧ ಐತೆ ಇದ್ರಲ್ಲಿ. ಇನ್ನರ್ಧ ಇಲ್ಲ."

"ಇನ್ನರ್ಧ ಯಾವುದು?"

"ಯಾಕಂದ್ರೆ ಅಂದೆ. ನೀವು ನಗಾಡ್ಕಂಡು ಓಡೋದ್ರಿ."

ಅವಳೇ ಹೇಳಿದಳು. ಅವಳ ಮಾತನ್ನು ನಾನು ತಿದ್ದದೆ, ಒಂದಕ್ಷರ ಕೂಡಿಸದೆ ಹೇಳುತ್ತೇನೆ. ಬದುಕಿನಲ್ಲಿ ಮೊದಲ ಸಲ.

"ನಾ ಅತ್ತಿದ್ದು ಆ ಮಂತ್ರಿಗಲ್ಲ ಕಣ್ರೀ. ಒಂದ್ ಊರ್ ಜನ ಎಲ್ಲಾ ಒಂದ್ ಕೈಯೋರು, ಒಬ್ಬ ಮಾತ್ರ ಬ್ಯಾರೆ ಕೈಯೋನು. ಅವ ಕೈ ಚಾಚ್ದಾಗ ಎಲ್ರೂ ಥೂ ಅಂದ್ರಲ್ಲ, ಆಗ ನೀವು ಚಿಕ್ಕೋರಾಗಿದ್ದಾಗ ಅಜ್ಜಿ ಮುಂದೆ ಇಂಗೇ ಕೂತಿದ್ರೇನೋ ಅನ್ನುಸ್ತು. ಅದ್ಕೆ ಅಳು ಬಂತು. ಥೂ ಅಂದೋರಲ್ಲಿ ನಿಮ್ ದನೀನೂ ಕೇಳುಸ್ತು."

ಸಭಿಕರೇ, ನಡುವೆ ಇದ್ದದ್ದು ಒಂದು ಒದ್ದೆ ಬಟ್ಟೆ. ಅದರಲ್ಲಿ ಬೆಳಕು ಹಾಯುತ್ತದೆ ಎಂದು ನನಗೆ ಗೊತ್ತಿತ್ತು. ದನಿ ಹಾಯುತ್ತದೆ ಎಂದು ಹೊಳೆದಿರಲಿಲ್ಲ.

ನಾನು ಏನು ಹೇಳಬೇಕಾಗಿತ್ತು? ಎಲ್ಲ ಭಾಷೆಗಳಲ್ಲೂ ಅದಕ್ಕೊಂದು ಮಾತಿದೆ. ನಾನು ಹೇಳಿದ್ದು ಇದು: "ಮುಂದಿನ ವಾರ ತಿದ್ದುಪಡಿ ಹಾಕಿಸ್ತೀನಿ."

"ಬ್ಯಾಡ ಬುಡಿ," ಎಂದಳು. "ಅದ್ನೂ ನಗೋ ಅಂಗೇ ಬರೀತೀರಿ."

ತಿದ್ದುಪಡಿ ಬರೆಯಲಿಲ್ಲ. ಬರೆಯಬೇಕಾದರೆ ಎಡಗೈಯನ್ನು ಬರಹದಲ್ಲಿ ತೋರಿಸಬೇಕಾಗಿತ್ತು. ಅಷ್ಟು ಧೈರ್ಯ ಬಲಗೈಗೆ ಇರಲಿಲ್ಲ.

ಅಲ್ಲಿಂದಾಚೆ ಏನಾಯಿತು? ಏನೂ ಆಗಲಿಲ್ಲ. ಅದೇ ಕಷ್ಟ. ಜಗಳವಾಗಲಿಲ್ಲ, ತೌರಿಗೆ ಹೋಗಲಿಲ್ಲ. ಹೊತ್ತು ಹೊತ್ತಿಗೆ ಮುದ್ದೆ, ಸಾರು, ಶುಭ್ರವಾಗಿ ಒಗೆದ ಪಂಚೆ. ಕೇಳಿದ್ದಕ್ಕೆ ಉತ್ತರ. ಡೇರೆಗೆ ಕರೆದರೆ ಬರುತ್ತಿದ್ದಳು. ಆಟ ಮುಗಿದು ಬರುವಾಗ ಕೇಳುತ್ತಿದ್ದೆ, "ಏನು ನೋಡಿದೆ?"

"ಪಟ."

ಅಷ್ಟೇ. ಪಟ. ರಾಜ ಬಲಕ್ಕೆ ತಿರುಗಿದನೋ ಎಡಕ್ಕೋ ಎಂದು ಬೇಕೆಂದೇ ಕೆಣಕುತ್ತಿದ್ದೆ. "ನೀವ್ ಯೋಳಿದ್ ಕಡೀಕೆ" ಎನ್ನುತ್ತಿದ್ದಳು. ಜಗಳದಲ್ಲಿ ಸೋಲುವುದನ್ನು ಕಲಿತಿದ್ದ ನನಗೆ ಈ ಗೆಲುವನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

ಮೈಸೂರಿಗೆ ಹೋದೆವು. ಚಿತ್ರಕ್ಕೆ ಮಾತು ಬಂತು. ಟಾಕಿ ಬಂದಾಗ ತೆರೆಯ ಹಿಂದೆ ಧ್ವನಿಯ ಪೆಟ್ಟಿಗೆ ಕೂತಿತು. ಜನರೆಲ್ಲ ಈ ಬದಿಗೇ ಬಂದರು. ಒಂದೇ ಮುಖ, ಒಂದೇ ನೋಟ. ಹೆಂಗಸರ ಸಾಲು ಬೇರೆಯಿದ್ದರೂ ರಾಜನ ಕತ್ತಿ ಎಲ್ಲರಿಗೂ ಬಲಗೈಯಲ್ಲೇ. ವಿಮರ್ಶಕನಿಗೆ ಇದಕ್ಕಿಂತ ಸುಖ ಬೇಕೇ? ನಾನು ಬರೆದೆ. ಮುನ್ನೂರಕ್ಕೂ ಹೆಚ್ಚು ಬರೆದೆ. ರಸವೆಂದರೇನು, ಔಚಿತ್ಯವೆಂದರೇನು, ಸಹೃದಯನೆಂದರೆ ಯಾರು ಎಂದು ವಿದ್ಯಾರ್ಥಿಗಳಿಗೆ ವರ್ಷ ವರ್ಷ ಪಾಠ ಹೇಳಿದೆ. ಸಹೃದಯ ಎಂದರೆ ಸಮಾನವಾದ ಹೃದಯವುಳ್ಳವನು, ಕವಿ ಕಂಡದ್ದನ್ನು ತಾನೂ ಕಾಣುವವನು. ಬರೆದುಕೊಳ್ಳಿ. ಬರೆದುಕೊಂಡರು. ಪರದೆಯ ಆಚೆ ಯಾರದೋ ಕೈ ಕಂಡು, ಈಚೆ ಕೂತ ಗಂಡನ ಬಾಲ್ಯಕ್ಕೆ ಅತ್ತವಳಿಗೆ ಆ ಶಾಸ್ತ್ರದಲ್ಲಿ ಏನು ಹೆಸರು? ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಿದ್ದರೆ ಪಾಠ ನಿಲ್ಲುತ್ತಿತ್ತು.

ರಸ ಹುಟ್ಟುವುದಕ್ಕೆ ಒಬ್ಬನೇ ಸಾಲದು, ಸಭಿಕರೇ. ಇದನ್ನು ನಾನು ಗ್ರಂಥದಿಂದ ಹೇಳುತ್ತಿಲ್ಲ. ಅನೇಕ ಸಂಜೆ, ಪಕ್ಕದ ಸಾಲಿನಲ್ಲಿ ಹೆಂಡತಿ ಇರುವಾಗಲೇ, ನಾನು ಒಬ್ಬನೇ ಚಿತ್ರ ನೋಡಿದ್ದೇನೆ. ಎಲ್ಲರೂ ನಕ್ಕಾಗ ತಿರುಗಿ ಅವಳ ಕಡೆ ನೋಡಿದ್ದೇನೆ. ನಗುತ್ತಿದ್ದಾಳೋ ಇಲ್ಲವೋ ಕತ್ತಲಲ್ಲಿ ತಿಳಿಯುವುದಿಲ್ಲ. ನಾನು ಮರುದಿನ ಪತ್ರಿಕೆಗೆ ಬರೆಯುತ್ತಿದ್ದೆ: 'ಪ್ರೇಕ್ಷಕರು ಮನಸಾರೆ ನಕ್ಕರು.' ಪ್ರೇಕ್ಷಕರು ನಕ್ಕರು, ಸರಿ. ನನಗೆ ಬೇಕಾಗಿದ್ದ ಒಬ್ಬ ಪ್ರೇಕ್ಷಕಿಯ ವಿಷಯ ಯಾರು ವರದಿ ಮಾಡಬೇಕು?

ಮನೆಯಲ್ಲಿ ನಾನೀಗ ಬಲಗೈಯಲ್ಲೇ ಉಣ್ಣುತ್ತೇನೆ. ಅವಳು ಬೇಡವೆಂದಿಲ್ಲ. ಎಡಗೈಯನ್ನು ಅವಳ ಮುಂದೆ ತರುವುದಕ್ಕೆ ನನಗೇ ನಾಚಿಕೆ.

ಇವತ್ತು ಬೆಳಗ್ಗೆ ಮೈಸೂರಿನಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಬಿಳಿಕೆರೆ ದಾಟಿದ ಮೇಲೆ ನನ್ನ ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿಯನ್ನು ತೆಗೆದುಕೊಂಡು ಓದಿದಳು. ಈಗ ಬೆರಳಿಟ್ಟು ಓದುವುದಿಲ್ಲ, ಸರಾಗವಾಗಿ ಓದುತ್ತಾಳೆ. ಮೂರನೆಯ ಸಾಲಿಗೆ ಬಂದು ನಿಂತಳು.

"ಅದ್ನೇ ಓದ್ತೀರಾ?"

ಆ ಭಾನುವಾರದಿಂದ ಈಚೆಗೆ, ಹದಿನಾಲ್ಕು ವರ್ಷದಲ್ಲಿ ಆ ಲೇಖನದ ಬಗ್ಗೆ ಅವಳು ಆಡಿದ ಮೊದಲ ಮಾತು. ತತ್ತ್ವಶಾಸ್ತ್ರದ ಅಧ್ಯಾಪಕ ಏನು ಹೇಳಿದ ಗೊತ್ತೇ? "ಪಟ್ಟಿಯಲ್ಲಿ ಹಾಕಿದ್ದಾರಲ್ಲ."

ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗೆ ವಾಪಸು ಇಟ್ಟಳು. ಇಳಿದ ಮೇಲೆ, "ಅಕ್ಕನ ಮನೇಲಿರ್ತೀನಿ" ಎಂದಳು. "ಸಭೆಗೆ ಬರ್ತೀಯಾ?" ಎಂದೆ. "ನೋಡಾನ" ಎಂದಳು.

ಆದ್ದರಿಂದ ಸಭಿಕರೇ, ಈ ಹೊತ್ತಿನಲ್ಲಿ ಅವಳು ಆ ಪರದೆಯ ಆಚೆ ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ದೊಡ್ಡಬೀರಯ್ಯನವರು ಒಣಗಿದ ಬಟ್ಟೆಯನ್ನೇ ಕಟ್ಟಿಸಿದ್ದಾರೆ, ಬೆಳಕು ಹಾಯುವುದಿಲ್ಲ. ಇರಬಹುದು. ಇಲ್ಲದಿರಬಹುದು. ಚಿತ್ರದ ಕುದುರೆಯ ಹಾಗೆ ಹೌದು ಅಲ್ಲಗಳ ನಡುವೆ ನಿಂತಿದ್ದೇನೆ. ಸುಖವಾಗಿದೆ ಎಂದು ಮಾತ್ರ ಹೇಳಲಾರೆ.

ಲೇಖನವನ್ನು ನಾನು ಓದುವುದಿಲ್ಲ. ಪುಸ್ತಕದಿಂದಲೂ ಅದನ್ನು ತೆಗೆಯಬೇಕೆಂದು ಸಂಘದವರನ್ನು ಪ್ರಾರ್ಥಿಸುತ್ತೇನೆ. ಸಭೆಗೆ ಮುಂಚೆ ಈ ಮಾತೆತ್ತಿದಾಗ ದೊಡ್ಡಬೀರಯ್ಯನವರು, "ಸಾರ್, ಪುಸ್ತಕಕ್ಕೆ ಅದೇ ಬೆನ್ನೆಲುಬು" ಎಂದು ಗೋಗರೆದರು. ನಿಜವಪ್ಪಾ. ಆದರೆ ಅದು ಒಬ್ಬಳ ಬೆನ್ನ ಹಿಂದೆ ಆಡಿದ ಮಾತು. ನನ್ನ ಪುಸ್ತಕ ಬೆನ್ನಿಲ್ಲದೆಯೇ ಮಲಗಿರಲಿ. ಸಾವಿರ ಜನರ ಮುಂದೆ ನಗಿಸಿದ್ದನ್ನು ಮನೆಯ ಮೂಲೆಯಲ್ಲಿ ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಶಿವನಂಜಮ್ಮ ಕಂಡದ್ದು ಸರಿಯಾಗಿತ್ತು. ಚಿತ್ರ ತೆಗೆದವರು ಕಾಣದ್ದನ್ನು, ಇನ್ನೂರು ಗಂಡಸರು ಕಾಣದ್ದನ್ನು, ಅವಳು ಕಂಡಳು. ತಿರುಗುಮುರುಗಾಗಿದ್ದವನು ನಾನು. ತಪ್ಪಾಯಿತು.

ಇದೇ ಚಲಚ್ಚಿತ್ರ ವಿಮರ್ಶೆಗೆ ತತ್ತ್ವಶಾಸ್ತ್ರದ ತಳಹದಿ. ಇಷ್ಟೇ ನನಗೆ ತಿಳಿದದ್ದು.

ಇನ್ನೊಂದೇ ಮಾತು. ಆರೂವರೆಗೆ ಮಂಟಯ್ಯನವರ ಟಾಕಿ ಡೇರೆಯಲ್ಲಿ ನಮಗೆಲ್ಲ ವಿಶೇಷ ಆಟವಿದೆ. ಅವಳು ಬರುತ್ತಾಳೆಂದು ಅವಳ ಅಕ್ಕ ಹೇಳಿಕಳಿಸಿದ್ದಾರೆ. ಅಷ್ಟು ಮಾತ್ರ ನನಗೆ ಖಾತ್ರಿ. ಆಟ ಮುಗಿದ ಮೇಲೆ ನಾವಿಬ್ಬರೂ ಅಕ್ಕನ ಮನೆಗೆ ನಡೆಯಬೇಕು. 'ಏನು ನೋಡಿದೆ' ಎಂದು ಈ ಸಲ ಕೇಳುವುದಿಲ್ಲ. ಕೇಳುವ ಹಕ್ಕನ್ನು ನಾನೇ ಕಳೆದುಕೊಂಡೆ. ನಾನು ನೋಡಿದ್ದನ್ನು ಹೇಳುತ್ತೇನೆ. ಯೋಚಿಸಿದರೆ ನಾಚಿಕೆಯಾಗುತ್ತದೆ, ಸಭಿಕರೇ: ಮುನ್ನೂರು ಚಿತ್ರಗಳಲ್ಲಿ ನಾನು ಕಂಡದ್ದನ್ನು ಇಡೀ ಸಂಸ್ಥಾನಕ್ಕೆ ಹೇಳಿದ್ದೇನೆ, ಪಕ್ಕದಲ್ಲಿ ನಡೆಯುತ್ತಿದ್ದವಳಿಗೆ ಒಂದನ್ನೂ ಹೇಳಿಲ್ಲ. ಅವಳು ಸುಮ್ಮನಿದ್ದರೂ ಹೇಳುತ್ತೇನೆ. ನಡುವೆ ಎಲ್ಲಾದರೂ 'ಅಂಗಲ್ಲ ಕಣ್ರೀ' ಎಂದುಬಿಟ್ಟರೆ, ನನಗೆ ಬೇರೆ ಸನ್ಮಾನ ಬೇಡ.

ಕಷ್ಟವೇನೆಂದರೆ, ಡೇರೆಯಿಂದ ಅಕ್ಕನ ಮನೆಗೆ ಹೆಚ್ಚು ದೂರವಿಲ್ಲ, ಎರಡು ಬೀದಿ. ನಾನಿದ್ದ ಕಾಲದ ಹುಣಸೂರು ಈಗ ಬಹಳ ಬದಲಾಗಿದೆ. ಸ್ವಲ್ಪ ಸುತ್ತು ಬಳಸಿ ಹೋಗುವ ದಾರಿ ತಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ, ಸಭೆ ಮುಗಿದ ಮೇಲೆ ದಯವಿಟ್ಟು ನನಗೆ ತಿಳಿಸಿ.

ಕರೆದವರಿಗೆ, ಕುಳಿತವರಿಗೆ, ಕೇಳಿದವರಿಗೆ, ಕಾಣದೆ ಕೇಳಿದವರಿಗೆ ಎರಡೂ ಕೈ ಜೋಡಿಸಿ ನಮಸ್ಕಾರ.